ಸೀಜ್ ಅನ್ನುವ ಮುಂಚೆ ಸೈಲೆನ್ಸರ್ ಬಿಚ್ಚಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಓದುಗರ ಪತ್ರಗಳಲ್ಲಿ ಒಬ್ಬರು ಬೆನ್ನಿಗೆ ಹಾಕಿಕೊಂಡು ಗಾಳಿ ಊದಿ ಎಲೆ ಗುಡಿಸುವ ಬ್ಲೋವರ್ ಬಗ್ಗೆ ಬರೆದಿದ್ದರು. ಸೆಕೆಂಡ್ ಹ್ಯಾಂಡ್ ತಂದರಂತೆ, ಒಂದು ಬೇಸಿಗೆ ಓಡಿತಂತೆ, ಆಮೇಲೆ ಪೇಟೆಯ ಅಂಗಡಿಯಲ್ಲಿ ‘ಎಂಜಿನ್ ಸೀಜ್ ಆಗಿದೆ, ಹೊಸದೇ ತಗೊಳ್ಳಿ’ ಅಂದರಂತೆ. ಈ ಯಂತ್ರಗಳೇ ದಂಡ ಅಂತ ಅವರು ಪತ್ರ ಮುಗಿಸಿದ್ದರು. ಅವರ ಸಿಟ್ಟು ಅರ್ಥ ಆಗುತ್ತದೆ. ಸೀಜ್ ಅಂದರೆ ಪಿಸ್ಟನ್ ಒಳಗೇ ಹಿಡಿದುಕೊಂಡು ಎಂಜಿನ್ ತಿರುಗದೆ ನಿಲ್ಲುವುದು. ಆದರೆ ಹಾಗೆ ಅಂದವರು ಎಂಜಿನ್ ಒಳಗೆ ಕಣ್ಣು ಹಾಕಿದ್ದರಾ ಅನ್ನುವುದು ಮಾತ್ರ ಆ ಪತ್ರದಲ್ಲಿ ಇರಲಿಲ್ಲ. ನಾನು ಕಂಡ ಹಾಗೆ ಹತ್ತರಲ್ಲಿ ಏಳೆಂಟು ಸಲ ಹಾಕಿರುವುದಿಲ್ಲ. ಹಗ್ಗ ಎರಡು ಸಲ ಎಳೆಯುತ್ತಾರೆ, ತಲೆ ಆಡಿಸುತ್ತಾರೆ, ಅಷ್ಟೇ.

ನಾನು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಮೆಕ್ಯಾನಿಕ್ ಅಲ್ಲ, ಆದರೆ ಮನೆಯ ಹಿಂದಿನ ಕಟ್ಟಿಗೆ ಮನೆಯಲ್ಲಿ ಕಟ್ಟಿಗೆಗಿಂತ ಜಾಸ್ತಿ ಹಳೇ ಎಂಜಿನ್‌ಗಳಿವೆ ಅಂತ ಮನೆಯವಳು ಬೈಯುತ್ತಿರುತ್ತಾಳೆ. ನಮ್ಮ ಕಡೆ ಬ್ಲೋವರ್ ಶೋಕಿಯ ವಸ್ತುವಲ್ಲ. ಬೇಸಿಗೆ ಬಂತು ಅಂದರೆ ಬೆಟ್ಟದಲ್ಲಿ ದರಕು (ಒಣಗಿ ಬಿದ್ದ ಎಲೆ) ಒಟ್ಟು ಮಾಡಬೇಕು, ಕೊಟ್ಟಿಗೆಗೆ ಹಾಸಬೇಕು, ಅದೇ ಗೊಬ್ಬರ ಆಗಿ ತೋಟಕ್ಕೆ ಹೋಗಬೇಕು. ಮೊದಲು ನಾಲ್ಕು ಆಳು ಪೊರಕೆ ಹಿಡಿದು ಮಾಡುತ್ತಿದ್ದ ಕೆಲಸವನ್ನು ಈಗ ಒಬ್ಬ ಬ್ಲೋವರ್ ಹೊತ್ತು ಮುಗಿಸುತ್ತಾನೆ. ಕಾಡಿನ ಅಂಚಿನಲ್ಲಿ ಬೆಂಕಿ ಗೆರೆ ಗುಡಿಸಲಿಕ್ಕೆ ಅರಣ್ಯ ಇಲಾಖೆಯವರೂ ಇದೇ ಯಂತ್ರ ತರುತ್ತಾರೆ. ಹೊಸದು ತರುವ ಶಕ್ತಿ ಇಲ್ಲದವರು ಹಳೇದು ಹುಡುಕುತ್ತಾರೆ. ನನ್ನ ಮಾತು ಅವರಿಗಾಗಿ.

ಮೊದಲು ನಾನೇ ಟೋಪಿ ಹಾಕಿಸಿಕೊಂಡ ಕಥೆ. ಐದಾರು ವರ್ಷದ ಹಿಂದೆ ಒಬ್ಬರು ಮಾರುತ್ತೇವೆ ಅಂದರು ಅಂತ ಹೋದೆ. ಯಂತ್ರ ಒರೆಸಿ ಇಟ್ಟಿದ್ದರು. ಒಂದೇ ಎಳೆತಕ್ಕೆ ಸ್ಟಾರ್ಟ್. ಹೊಗೆ ಸ್ವಲ್ಪ ಜಾಸ್ತಿ ಇತ್ತು, ‘ಆಯಿಲ್ ಜಾಸ್ತಿ ಹಾಕ್ತೀವಿ ಸಾರ್, ಎಂಜಿನ್‌ಗೆ ಒಳ್ಳೇದು’ ಅಂದರು. 8,500 ಕೊಟ್ಟು ತಂದೆ. ಮನೆಗೆ ಬಂದ ಎರಡನೇ ದಿನ, ಬಿಸಿ ಆದ ಮೇಲೆ ನಿಲ್ಲಿಸಿ ಚಹಾ ಕುಡಿದು ಬಂದರೆ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ತಣ್ಣಗಾದ ಮೇಲೆ ಆಯಿತು. ಒಂದು ವಾರ ಹೀಗೇ. ಕೊನೆಗೆ ಬಿಚ್ಚಿದರೆ ಪಿಸ್ಟನ್ ಸುತ್ತಲಿನ ರಿಂಗ್ ಪೂರ್ತಿ ತೇಯ್ದಿತ್ತು. ಮಾರುವ ದಿನ ಬೆಳಿಗ್ಗೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು, ನಾನು ಬರುವ ಮುಂಚೆಯೇ ಒಮ್ಮೆ ಬಿಸಿ ಮಾಡಿ ಇಟ್ಟಿದ್ದರು ಅಂತ ಈಗ ನನಗೆ ಗ್ಯಾರಂಟಿ. ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಕೊಳವೆ) ನಡುವಿನ ಸಂದಿಯನ್ನು ಆಯಿಲ್ ಸ್ವಲ್ಪ ಹೊತ್ತು ಮುಚ್ಚುತ್ತದೆ, ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಏರುತ್ತದೆ, ಆಯಿಲ್ ಸುಟ್ಟು ಹೋಗುವ ತನಕ ಯಂತ್ರ ಹೊಸದರ ಹಾಗೆ ಕೂಗುತ್ತದೆ.

ತಮಾಷೆ ಅಂದರೆ ಆ ಮೋಸವೇ ಈಗ ನನ್ನ ಪರೀಕ್ಷೆ. ಕಂಪ್ರೆಷನ್ ಗೇಜ್ ಹಾಕಿ ಆಕ್ಸಿಲರೇಟರ್ ಪೂರ್ತಿ ತೆರೆದು ಆರೇಳು ಸಲ ಹಗ್ಗ ಎಳೆಯಿರಿ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಬ್ಲೋವರ್ ಒತ್ತಡ 120ರಿಂದ 150 ಪಿಎಸ್‌ಐ ತೋರಿಸಿದರೆ ಆರೋಗ್ಯವಾಗಿದೆ. 90ರ ಕೆಳಗೆ ಬಂದರೆ ಬಿಸಿಯಲ್ಲಿ ಸತಾಯಿಸುವುದು ಶುರು. ಆಗ ಪ್ಲಗ್ ತೂತಿನಲ್ಲಿ ನಾಲ್ಕು ಹನಿ ಆಯಿಲ್ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಧಡ್ ಅಂತ ಏರಿದರೆ ರಿಂಗ್ ಹೋಗಿದೆ ಅಂತ ಅರ್ಥ. ಒಂದು ಎಚ್ಚರ: ಕಾರಿನ ಗ್ಯಾರೇಜಿನ ಉದ್ದ ಪೈಪಿನ ಗೇಜ್ ತಂದು ಹಾಕಿದರೆ ಒಳ್ಳೇ ಎಂಜಿನ್ನೂ 80 ತೋರಿಸಬಹುದು. ಸಣ್ಣ ಎಂಜಿನ್, ಪೈಪಿನೊಳಗಿನ ಜಾಗವೇ ಅದಕ್ಕೆ ದೊಡ್ಡದಾಗುತ್ತದೆ. ಗಾಳಿ ತಡೆಯುವ ವಾಲ್ವ್ ಪ್ಲಗ್ ಕಡೆಯ ತುದಿಯಲ್ಲೇ ಇರುವ ಗೇಜ್ ಬೇಕು. ಈ ಒಂದು ಕಾರಣಕ್ಕೇ ಎಷ್ಟು ಯಂತ್ರ ಗುಜರಿಗೆ ಹೋಗಿದೆಯೋ!

ಹಳೇ ಯಂತ್ರ ನೋಡಲು ಹೋದಾಗ ನಾನು ಮೊದಲು ಸೈಲೆನ್ಸರ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ‘ಸಂಜೆ ಬರ್ತೇನೆ, ಅಲ್ಲಿ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ ಎದ್ದು ಬರುತ್ತೇನೆ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ಹದಿನೈದು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಎಳೆಯುತ್ತೇನೆ. ಆಮೇಲೆ ಸೈಲೆನ್ಸರ್ ಪೂರ್ತಿ ಆರುವ ತನಕ ಅವರ ಮನೆ ಚಹಾ ಕುಡಿದು, ಅದರ ಎರಡು ಮೂರು ಬೋಲ್ಟ್ ಬಿಚ್ಚಲಿಕ್ಕೆ ಒಪ್ಪಿಗೆ ಕೇಳುತ್ತೇನೆ. ಬೇಡ ಅಂದವರ ಹತ್ತಿರ ವ್ಯಾಪಾರ ಇಲ್ಲ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಹೊಗೆ ಹೋಗುವ ದಾರಿ ಬೋರ್‌ನ ಪಕ್ಕದಲ್ಲೇ ತೆರೆಯುತ್ತದೆ, ಹಾಗಾಗಿ ಸೈಲೆನ್ಸರ್ ತೆಗೆದರೆ ಪಿಸ್ಟನ್ ಎದುರಿಗೇ ಕಾಣುತ್ತದೆ. ಮೊಬೈಲ್ ಟಾರ್ಚ್ ಹಾಕಿ ನಿಧಾನಕ್ಕೆ ಹಗ್ಗ ಎಳೆಯಿರಿ. ಪಿಸ್ಟನ್ ಮೈ ನಯವಾಗಿದ್ದು, ತಯಾರಿಸುವಾಗಿನ ಸಣ್ಣ ಅಡ್ಡ ಗೆರೆಗಳು ಇನ್ನೂ ಕಂಡರೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುವುದಿಲ್ಲ, ಆದರೆ ಅರ್ಧ ಭಯ ಹೋಯಿತು.

ಗೀರು ಇದ್ದರೆ ಅದು ಎಲ್ಲಿದೆ ಅನ್ನುವುದೇ ಮುಖ್ಯ. ಹೊಗೆ ಹೋಗುವ ಕಡೆ ಮಾತ್ರ ಉದ್ದುದ್ದ ಗೀರು ಇದ್ದರೆ ಎಂಜಿನ್ ಪೆಟ್ರೋಲ್ ಸಾಲದೆ ಕಾದು ಹೋಗಿದೆ. ಆ ಕಡೆಯೇ ಹೆಚ್ಚು ಬಿಸಿ, ಅಲ್ಲೇ ಮೊದಲು ಹಿಡಿಯುತ್ತದೆ. ಸುತ್ತಲೂ ಗೀರು ಇದ್ದರೆ ಯಾರೋ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದಾರೆ. ಇನ್ನು ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಒಳಗೆ ಬಿಡುವ ಕಾರ್ಬುರೇಟರ್ ಕಡೆ ಪಿಸ್ಟನ್ ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿ ತೇಯ್ದಿದ್ದರೆ ಅದು ಧೂಳು. ಏರ್ ಫಿಲ್ಟರ್ ಹರಿದಿತ್ತು, ಇಲ್ಲವೇ ತೊಂದರೆ ಅಂತ ತೆಗೆದೇ ಹಾಕಿದ್ದರು. ಇದನ್ನು ನೋಡಲು ಕಾರ್ಬುರೇಟರ್ ಕೂಡ ಬಿಚ್ಚಬೇಕು, ಸೈಲೆನ್ಸರ್ ಕಡೆಯಿಂದ ಕಾಣುವುದಿಲ್ಲ. ನನಗೆ ಟೋಪಿ ಬಿದ್ದ ಯಂತ್ರ ಈ ಜಾತಿಯದ್ದು. ದರಕಿನ ಕೆಲಸ ಅಂದರೆ ಇಡೀ ದಿನ ಧೂಳಿನ ಮೋಡದ ಒಳಗೇ ಅಲ್ವಾ?

ಎಲ್ಲ ಬ್ಲೋವರ್‌ಗೂ ಈ ಉಪಾಯ ನಡೆಯುವುದಿಲ್ಲ. ಸ್ಟಿಲ್ ಕಂಪನಿಯ ಬಿಆರ್ 600 ಥರದ್ದರಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು, ಆದರೆ ಒಳಗೆ ಫೋರ್ ಸ್ಟ್ರೋಕ್ ಹಾಗೆ ವಾಲ್ವ್ ಇದೆ. ಸೈಲೆನ್ಸರ್ ತೆಗೆದರೆ ಪಿಸ್ಟನ್ ಕಾಣುವುದಿಲ್ಲ. ಅಲ್ಲಿ ಕಂಪ್ರೆಷನ್ ಕಡಿಮೆ ಅಂದರೆ ಮೊದಲು ವಾಲ್ವ್ ಗ್ಯಾಪ್ ನೋಡಿ. 0.1 ಮಿ.ಮೀ. ಇರಬೇಕು. ಅದು ಮುಚ್ಚಿ ಹೋಗಿದ್ದರೆ ವಾಲ್ವ್ ಸರಿಯಾಗಿ ಕೂರುವುದಿಲ್ಲ. ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ ಸ್ಕ್ರೂ ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಜನ ಪಿಸ್ಟನ್ ತರಿಸುತ್ತಾರೆ.

ಹೋದ ಮಾರ್ಚ್‌ನಲ್ಲಿ ಪಕ್ಕದ ಊರಿನ ಹುಡುಗ ಒಬ್ಬ ತನ್ನ ಬ್ಲೋವರ್ ಬೈಕಿನ ಹಿಂದೆ ಕಟ್ಟಿಕೊಂಡು ಬಂದ. ‘ಮಾವ, ಇದು ಸೀಜ್ ಅಂತೆ. ಹೊಸ ಎಂಜಿನ್ನಿಗೆ 14,000 ಅಂದ್ರು. ನೀವು ಪಾರ್ಟ್ಸಿಗೆ ಇಟ್ಕೊಳ್ಳಿ’ ಅಂದ. ಹಗ್ಗ ಎಳೆದರೆ ಎಂಜಿನ್ ತಿರುಗುತ್ತಿತ್ತು. ತಿರುಗುವ ಎಂಜಿನ್ ಸೀಜ್ ಹೇಗೆ ಆಗುತ್ತದೆ ಮಾರಾಯರೇ? ಸೈಲೆನ್ಸರ್ ಬಿಚ್ಚಿದೆವು. ಪಿಸ್ಟನ್ ಚೆನ್ನಾಗಿತ್ತು. ಆದರೆ ಸೈಲೆನ್ಸರ್ ಬಾಯಿಯಲ್ಲಿ ಕಿಡಿ ಹಾರದಂತೆ ತಡೆಯುವ ಸಣ್ಣ ಜಾಲರಿ ಇರುತ್ತದಲ್ಲ, ಅದು ಇದ್ದಿಲಿನಿಂದ ಪೂರ್ತಿ ಕಟ್ಟಿತ್ತು. ಹೊಗೆ ಹೊರಗೆ ಹೋಗದೆ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತಿತ್ತು, ಅಷ್ಟೇ. ಜಾಲರಿಯನ್ನು ಒಲೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ತಂತಿ ಬ್ರಶ್ಶಿನಲ್ಲಿ ಉಜ್ಜಿ ಹಾಕಿದೆವು. ನಾಲ್ಕನೇ ಎಳೆತಕ್ಕೆ ಸ್ಟಾರ್ಟ್. ಖರ್ಚು ಸೊನ್ನೆ. ಹುಡುಗ ನಗಬೇಕೋ ಅಂಗಡಿಯವರಿಗೆ ಬೈಯಬೇಕೋ ಗೊತ್ತಾಗದೆ ನಿಂತಿದ್ದ.

ಅಂಗಡಿಯವರನ್ನೂ ಪೂರ್ತಿ ಬೈಯಲಾರೆ. ಟೂ ಸ್ಟ್ರೋಕ್ ಗೊತ್ತಿರುವವರು ಈಗ ಎಲ್ಲಿದ್ದಾರೆ? ನಾವು ಲೂನಾ, ಯೆಜ್ಡಿ, ಆರ್‌ಎಕ್ಸ್ 100 ಥರದ ಟೂ ಸ್ಟ್ರೋಕ್ ಗಾಡಿ ಬಿಚ್ಚಿ ಕಲಿತವರು. ಮೈಸೂರಿನಲ್ಲಿ ಯೆಜ್ಡಿ ತಯಾರಾಗುವುದು 1996ಕ್ಕೆ ನಿಂತಿತು, ಅದೇ ಸುಮಾರಿಗೆ ಆರ್‌ಎಕ್ಸ್ 100 ಕೂಡ ಹೋಯಿತು. ಆಮೇಲೆ ಹುಟ್ಟಿದ ಹುಡುಗರು ಫೋರ್ ಸ್ಟ್ರೋಕ್ ಬೈಕಿನ ಮೇಲೆ ಕಲಿತರು. ಅವರು ದಡ್ಡರಲ್ಲ, ಪಿಸ್ಟನ್ ಮೇಲಿನ ಗೀರು ಓದುವುದನ್ನು ಅವರಿಗೆ ಯಾರೂ ತೋರಿಸಲಿಲ್ಲ. ಆದರೆ ಅದೇ ಹೊತ್ತಿಗೆ ಹಳ್ಳಿ ಹಳ್ಳಿಗೆ ಕಳೆ ಕೊಚ್ಚುವ ಯಂತ್ರ, ಪವರ್ ಸ್ಪ್ರೇಯರ್, ಬ್ಲೋವರ್ ಅಂತ ಟೂ ಸ್ಟ್ರೋಕ್ ವಾಪಸ್ ಬಂತು.

ಈಗ ಪೆಟ್ರೋಲಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನನ್ನ ಹತ್ತಿರ ಬರುವ ಯಂತ್ರಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಕೆಟ್ಟಿರುತ್ತವೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು, ಈಗ ಪಂಪಿನಲ್ಲಿ ಸಿಗುವುದು ಅದೇ. ಆದರೆ ಹೆಚ್ಚಿನ ಬ್ಲೋವರ್‌ಗಳ ಕೈಪಿಡಿಯಲ್ಲಿ ಶೇ 10ಕ್ಕಿಂತ ಜಾಸ್ತಿ ಎಥೆನಾಲ್ ಬೇಡ ಅಂತ ಅಚ್ಚಾಗಿದೆ. ಎಥೆನಾಲ್ ಒಳಗೇ ಆಮ್ಲಜನಕ ಇರುವುದರಿಂದ ಅದೇ ಕಾರ್ಬುರೇಟರ್ ಟ್ಯೂನಿಂಗಿನಲ್ಲಿ ಎಂಜಿನ್‌ಗೆ ಪೆಟ್ರೋಲ್ ಕಡಿಮೆ ಬಿದ್ದ ಹಾಗಾಗುತ್ತದೆ. ಜಾಸ್ತಿ ಕಾಯುತ್ತದೆ. ಹೊಗೆ ಕಡೆಯ ಗೀರು ನೆನಪಿದೆಯಲ್ಲ? ಜೊತೆಗೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ನೀರು ಜಾಸ್ತಿಯಾದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ನೀವು ಅಳೆದು ಬೆರೆಸಿದ ಆಯಿಲ್ ಮೇಲೆ ಪೆಟ್ರೋಲಿನ ಜೊತೆಯಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಕೂತಿರುವುದು ತಳದಲ್ಲಿ. ಅಂದರೆ ಎಂಜಿನ್ ಕುಡಿಯುವುದು ಆಯಿಲ್ ಇಲ್ಲದ ನೀರು ನೀರು ಎಥೆನಾಲ್. ‘ನಾನು ಆಯಿಲ್ ಹಾಕಿಯೇ ಇದ್ದೆ, ಆದರೂ ಸೀಜ್ ಆಯ್ತು’ ಅನ್ನುವವರು ಸುಳ್ಳು ಹೇಳುತ್ತಿಲ್ಲ.

ಇನ್ನೊಂದು, ಮೇ ತಿಂಗಳಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ಅಟ್ಟಕ್ಕೆ ಹಾಕಿದ ಯಂತ್ರ ಡಿಸೆಂಬರ್‌ನಲ್ಲಿ ಸ್ಟಾರ್ಟ್ ಆಗುವುದಿಲ್ಲ. ಕಾರ್ಬುರೇಟರ್ ಒಳಗಿನ ತೆಳು ರಬ್ಬರ್ ಡಯಾಫ್ರಂ ಕಾಗದದ ಹಾಗೆ ಗಟ್ಟಿಯಾಗಿರುತ್ತದೆ, ಪೆಟ್ರೋಲ್ ಪೈಪ್ ಮುಟ್ಟಿದರೆ ಮುರಿಯುತ್ತದೆ. ಇದು ಎಂಜಿನ್ ಕೆಟ್ಟದ್ದಲ್ಲ. ಡಯಾಫ್ರಂ ಕಿಟ್ಟಿಗೆ ನಾನು ಕೊಟ್ಟದ್ದು 250 ರೂಪಾಯಿ, ಕೂತು ಹಾಕಲು ಒಂದು ಗಂಟೆ. ನಾನೀಗ ಸಂಜೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿಯೇ ಇಡುತ್ತೇನೆ. ಬೆರೆಸುವುದೂ ಒಂದು ವಾರಕ್ಕೆ ಬೇಕಾದಷ್ಟೇ.

ಆಯಿಲ್ ಅಳತೆಯಲ್ಲಿ ನಮ್ಮವರ ಉದಾರತೆ ದೊಡ್ಡದು. 50:1 ಅಂದರೆ ಲೀಟರಿಗೆ 20 ಮಿಲಿ, 25:1 ಅಂದರೆ 40 ಮಿಲಿ. ಯಾವುದು ಅಂತ ನಿಮ್ಮ ಯಂತ್ರದ ಪುಸ್ತಕವೂ ಆಯಿಲ್ ಡಬ್ಬಿಯೂ ಹೇಳುತ್ತವೆ. ಬಾಟಲಿ ಮುಚ್ಚಳದಲ್ಲಿ ‘ಇರಲಿ ಇನ್ನೊಂಚೂರು’ ಅಂತ ಹಾಕಬೇಡಿ. ಆಯಿಲ್ ಜಾಸ್ತಿಯಾದಷ್ಟೂ ಅದೇ ಜಾಗದಲ್ಲಿ ಪೆಟ್ರೋಲ್ ಕಡಿಮೆ, ಇದ್ದಿಲು ಜಾಸ್ತಿ. ಆ ಹುಡುಗನ ಜಾಲರಿ ಕಟ್ಟಿದ್ದು ಹಾಗೆಯೇ. ಮೆಡಿಕಲ್ ಶಾಪಿನ 20 ಮಿಲಿ ಸಿರಿಂಜ್ ತಂದಿಟ್ಟುಕೊಳ್ಳಿ.

ರಿಪೇರಿ ಬಗ್ಗೆ ಎರಡು ಮಾತು. ನಾನು ಟೋಪಿ ಬಿದ್ದ ಯಂತ್ರವನ್ನು ಬಿಸಾಡಲಿಲ್ಲ. ಪಿಸ್ಟನ್, ರಿಂಗ್, ಪಿನ್ ಸೆಟ್ 950, ಎರಡು ಆಯಿಲ್ ಸೀಲ್ 180, ಪ್ಯಾಕಿಂಗ್ 120, ಡಯಾಫ್ರಂ ಕಿಟ್. ಬೋರ್ ಉಳಿದಿತ್ತು. ಇಂಥ ಯಂತ್ರಗಳ ಅಲ್ಯೂಮಿನಿಯಂ ಬೋರ್ ಒಳಗೆ ನಿಕ್ಕಲ್ ಇಲ್ಲವೇ ಕ್ರೋಮ್ ಗಟ್ಟಿ ಲೇಪ ಇರುತ್ತದೆ, ಬೈಕಿನ ಹಾಗೆ ಲೇತಿಗೆ ಕೊಟ್ಟು ಬೋರ್ ಹೊಡೆಸಬಾರದು. ಎಷ್ಟೋ ಸಲ ಗೀರು ಅಂತ ಕಾಣುವುದು ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಲೇಪದ ಮೇಲೆ ಅಂಟಿದ್ದು. ಸಣ್ಣ ಎಮರಿ ಪೇಪರಿನಲ್ಲಿ ತಾಳ್ಮೆಯಿಂದ ಉಜ್ಜಿದರೆ ಅದು ಎದ್ದು ಬರುತ್ತದೆ, ಉಗುರಿಗೆ ಲೇಪ ನಯವಾಗಿ ಸಿಕ್ಕರೆ ಬೋರ್ ಬದುಕಿದೆ. ಕೆಲವರು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕುತ್ತಾರೆ. ಬೇಗ ಆಗುತ್ತದೆ ನಿಜ, ಆದರೆ ಕ್ರೋಮ್ ಲೇಪ ಇದ್ದರೆ ಅದನ್ನೂ ತಿನ್ನುತ್ತದೆ, ಲೇಪ ಇಲ್ಲದ ಕಡೆ ಬ್ಲಾಕನ್ನೇ ತಿನ್ನುತ್ತದೆ. ನಾನು ಮುಟ್ಟುವುದಿಲ್ಲ.

ಸೀಲ್ ಸೋರುತ್ತಿದೆಯಾ ಅಂತ ನೋಡದೆ ಹೊಸ ಪಿಸ್ಟನ್ ಹಾಕುವುದು ದಂಡ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮೊದಲು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇರುವ ಕೆಳಗಿನ ಗೂಡಿಗೆ ಬರುತ್ತದೆ. ಅಲ್ಲಿ ಸೀಲ್ ತೇಯ್ದು ಸುಳ್ಳು ಗಾಳಿ ಒಳಗೆ ಬಂದರೆ ಮತ್ತೆ ಕಾಯುತ್ತದೆ, ಹೊಸ ಪಿಸ್ಟನ್ನೂ ಅದೇ ಜಾಗದಲ್ಲಿ ಹಿಡಿಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಐಡ್ಲಿಂಗಿಗೆ ಇಳಿಯದೆ ಕೂಗುತ್ತಲೇ ಇದ್ದರೆ ಇದೇ ಅನುಮಾನ. ನನ್ನ ಪರೀಕ್ಷೆ ಕೇಳಿದರೆ ನಗುತ್ತೀರಿ. ಅಪ್ಪನ ಹಳೇ ಬಿಪಿ ಮಿಷನ್! ಸೈಲೆನ್ಸರ್ ಮತ್ತು ಕಾರ್ಬುರೇಟರ್ ಜಾಗಕ್ಕೆ ಹಳೇ ಟ್ಯೂಬಿನ ರಬ್ಬರ್ ತುಂಡಿಟ್ಟು ಬೋಲ್ಟ್ ಬಿಗಿದು, ಪಿಸ್ಟನ್ ಕೆಳಗಿಳಿಸಿ, ಪ್ಲಗ್ ತೂತಿಗೆ ಪೈಪ್ ಕೊಟ್ಟು 300ರ ಗೆರೆ ತನಕ ಗಾಳಿ ಒತ್ತುತ್ತೇನೆ. ಅದು ಸುಮಾರು 0.4 ಬಾರ್ ಒತ್ತಡ. ಕಂಪನಿಯವರ ಪರೀಕ್ಷೆ 0.5ರ ಆಸುಪಾಸು, ಹೆಚ್ಚು ಕಡಿಮೆ ಅದೇ. ಅರ್ಧ ನಿಮಿಷ ಮುಳ್ಳು ಅಲುಗದಿದ್ದರೆ ಸರಿ. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಬಂತೋ ಅಲ್ಲೇ ಸೋರಿಕೆ. ಕೆಲವು ಸೀಲ್ ಒತ್ತಿದಾಗ ತಡೆದು, ಗಾಳಿ ಎಳೆದಾಗ ಬಿಡುತ್ತವೆ, ಅದಕ್ಕೆ ಎಳೆಯುವ ಪಂಪ್ ಬೇರೆ ಬೇಕು. ಹಾಗಾಗಿ ಹಳೇ ಯಂತ್ರ ಬಿಚ್ಚಿದ ಮೇಲೆ ಸೀಲ್ ಸುಮ್ನೆ ಹೊಸದೇ ಹಾಕಿಬಿಡುತ್ತೇನೆ.

ಜೋಡಿಸುವಾಗ ಪಿಸ್ಟನ್ ತಲೆ ಮೇಲಿನ ಬಾಣ ಸೈಲೆನ್ಸರ್ ಕಡೆ ಇರಲಿ, ಪಿನ್ನಿನ ಲಾಕ್ ಎರಡೂ ಹೊಸದಿರಲಿ. ಹತ್ತು ರೂಪಾಯಿಯ ಹಳೇ ಲಾಕ್ ಹಾರಿ ಬೋರ್ ಸೀಳಿದ್ದನ್ನು ನೋಡಿದ್ದೇನೆ. ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟ್ ಮತ್ತು ಕಾಯಿಲ್ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪ ಸಾಕು, ಸುಮಾರು 0.3 ಮಿ.ಮೀ. ಕರೆಂಟ್ ಬರುತ್ತಿಲ್ಲ ಅಂತ ಕಾಯಿಲ್ ತರಿಸುವ ಮುಂಚೆ ಆಫ್ ಸ್ವಿಚ್ಚಿನ ವೈರ್ ಬಿಡಿಸಿ ನೋಡಿ. ಬ್ಲೋವರ್‌ನಲ್ಲಿ ಆ ವೈರ್ ಹಿಡಿಯ ತನಕ ಉದ್ದಕ್ಕೆ ಹೋಗುತ್ತದೆ, ಎಲ್ಲೋ ಉಜ್ಜಿ ಬಾಡಿಗೆ ತಾಗಿರುತ್ತದೆ. ಒಟ್ಟು ಖರ್ಚು 1,500 ದಾಟಲಿಲ್ಲ, ಆ ಯಂತ್ರ ಇವತ್ತಿಗೂ ನನ್ನ ಬೆಟ್ಟದಲ್ಲಿ ಓಡುತ್ತಿದೆ. ಹಾಗಂತ ಎಲ್ಲದಕ್ಕೂ ಜೀವ ಕೊಡಲು ಹೋಗಬೇಡಿ. ಫ್ಯಾನ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಕ್ರ್ಯಾಂಕ್ ಕಟಕಟ ಅಂದರೆ, ಲೇಪ ಎದ್ದು ಹೋಗಿದ್ದರೆ, ಲೆಕ್ಕ ಹಾಕಿ ಕೈ ಬಿಡುವುದೇ ವಾಸಿ.

ಬ್ಯಾಟರಿಯದ್ದು ತಗೊಳ್ಳಿ ಅನ್ನುವವರಿದ್ದಾರೆ. ನಮ್ಮ ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ 2024ರಿಂದ ತಯಾರಾಗುವ ಹೊಸ ಬ್ಲೋವರ್ ಹೊಗೆಯನ್ನೇ ಬಿಡಬಾರದು ಅಂತ ಕಾನೂನು. ಒಳ್ಳೇದೇ, ಪೆಟ್ರೋಲ್ ಬ್ಲೋವರ್ ಸದ್ದು ಕಿವಿಗೆ ಕೇಡು, ನಾನೂ ಹತ್ತಿ ಬಿಟ್ಟು ಸರಿಯಾದ ಇಯರ್ ಮಫ್ ತಂದಿದ್ದೇನೆ. ಆದರೆ ದಿನಕ್ಕೆ ಮೂರು ಸಲ ಕರೆಂಟ್ ಹೋಗುವ ಊರಿನಲ್ಲಿ, ಮನೆಯಿಂದ ಒಂದು ಮೈಲಿ ದೂರದ ಬೆಟ್ಟದಲ್ಲಿ, ಇನ್ನಷ್ಟು ವರ್ಷ ಪೆಟ್ರೋಲೇ ಗತಿ.

ಸರ್ಕಾರ ಕೃಷಿ ಯಂತ್ರಕ್ಕೆ ಸಹಾಯಧನ ಕೊಡುತ್ತದೆ, ಸಾಮಾನ್ಯರಿಗೆ ಅರ್ಧ, ಪರಿಶಿಷ್ಟರಿಗೆ ಶೇ 90. ಬಾಡಿಗೆಗೆ ಕೃಷಿ ಯಂತ್ರಧಾರೆ ಇದೆ. ಇದೆಲ್ಲ ಬೇಕು. ಆದರೆ ಹೊಸದು ಕೊಡುವಾಗಿನ ಹುಮ್ಮಸ್ಸಿನಲ್ಲಿ ಕಾಲು ಭಾಗ ರಿಪೇರಿ ಕಲಿಸಲು ಇದ್ದರೆ ಸಾಕಿತ್ತು. ಹೋಬಳಿಗೊಂದು ಕಡೆ ಎರಡು ದಿನದ ತರಬೇತಿ, ಒಂದು ಸರಿಯಾದ ಕಂಪ್ರೆಷನ್ ಗೇಜ್, ಕೆಟ್ಟ ನಾಲ್ಕು ಪಿಸ್ಟನ್ ಮೇಜಿನ ಮೇಲೆ. ಹುಡುಗರು ಕಣ್ಣಲ್ಲೇ ಕಲಿಯುತ್ತಾರೆ. ನನ್ನ ಹತ್ತಿರ ಕೆಟ್ಟ ಪಿಸ್ಟನ್ ಹನ್ನೊಂದಿವೆ, ಯಾರು ಕೇಳಿದರೂ ಪುಕ್ಕಟೆ ಕೊಡುತ್ತೇನೆ. ಪತ್ರಿಕೆಯವರೂ ಎಥೆನಾಲ್ ಅಂದರೆ ಕಾರು ಬೈಕಿನ ಮೈಲೇಜ್ ಮಾತ್ರ ಬರೆಯುತ್ತೀರಿ. ಒಮ್ಮೆ ಕೃಷಿ ಪುಟದಲ್ಲಿ ಈ ಸಣ್ಣ ಎಂಜಿನ್‌ಗಳ ಗತಿ ಏನು ಅಂತ ತಿಳಿದವರಿಂದ ಬರೆಸಿ.

ಆ ಪತ್ರ ಬರೆದವರಿಗೆ: ನಿಮ್ಮ ಬ್ಲೋವರ್ ಇನ್ನೂ ಗುಜರಿಗೆ ಹೋಗಿಲ್ಲ ಅಂದರೆ, ಪ್ಲಗ್ ತೆಗೆದು ಕೈಯಲ್ಲಿ ಫ್ಯಾನ್ ತಿರುಗಿಸಿ ನೋಡಿ. ತಿರುಗಿದರೆ ಸೈಲೆನ್ಸರ್ ಬಿಚ್ಚಿ, ಟಾರ್ಚ್ ಹಾಕಿ ಒಂದು ಫೋಟೊ ತೆಗೆದು ಪತ್ರಿಕೆ ವಿಳಾಸಕ್ಕೆ ಕಳಿಸಿ. ಅಚ್ಚು ಹಾಕದಿದ್ದರೂ ಪರವಾಗಿಲ್ಲ, ಸಂಪಾದಕರು ನನಗೆ ದಾಟಿಸಿದರೆ ಸಾಕು.

— ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು